ಕ್ಯೂಆರ್ ಕೋಡ್‌ಗೆ ಬಂದದ್ದೆಲ್ಲ ವಹಿವಾಟಲ್ಲ

ಎಲ್ಲರಿಗೂ ನಮಸ್ಕಾರ. ಬೇಕರಿ, ಕಾಂಡಿಮೆಂಟ್ಸ್, ದಿನಸಿ ಅಂಗಡಿ ನಡೆಸುವವರು ಇಲ್ಲಿ ಹೆಚ್ಚಾಗಿ ಇದ್ದೀರಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಅದು ಪರಿಹಾರವಲ್ಲ. ದುಡ್ಡು ಯಾವ ದಾರಿಯಲ್ಲಿ ಬಂದರೂ ಮಾರಾಟ ಮಾರಾಟವೇ. ನಗದಾಗಿ ಬಂದರೂ, ಯಾವುದನ್ನು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವೋ ಆ ಮಿತಿಗೆ ಅದು ಸೇರುತ್ತದೆ.

ಮೊದಲು ಆ ಮಿತಿಯ ಮಾತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಎಂಬುದು ಎಲ್ಲರಿಗೂ ಗೊತ್ತು. ಆದರೆ ಈ 40 ಲಕ್ಷ ಸರಕು ‘ಮಾತ್ರ’ ಮಾರುವವರಿಗೆ. ಅಂಗಡಿಯ ಮೂಲೆಯಲ್ಲಿ ಟೀ ಕಾಯಿಸಿ ಕೊಟ್ಟರೆ ಅದು ಸೇವೆಯ ಲೆಕ್ಕಕ್ಕೆ ಹೋಗುತ್ತದೆ, ನಿಮ್ಮ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಸಿಗರೇಟು, ಪಾನ್ ಮಸಾಲಾ, ಐಸ್‌ಕ್ರೀಂ ಮಾರುವವರಿಗೂ 40 ಲಕ್ಷದ ರಿಯಾಯಿತಿ ಇಲ್ಲ. ಹಾಗಾದರೆ ಊರಿನ ಎಷ್ಟು ಕಾಂಡಿಮೆಂಟ್ಸ್ ಅಂಗಡಿಗಳಿಗೆ 40 ಲಕ್ಷ ಅನ್ವಯಿಸುತ್ತದೆ, ನೀವೇ ಯೋಚಿಸಿ. 20 ಲಕ್ಷವೆಂದರೆ ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ, ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆ ಹಾಲು, ತರಕಾರಿಯದು. ಅವಕ್ಕೆ ತೆರಿಗೆ ಇಲ್ಲ, ನಿಜ. ಬರೀ ಅವನ್ನೇ ಮಾರುವವರು ನೋಂದಣಿ ಮಾಡಿಸಬೇಕಿಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಮಾರಿದರೆ, ಮಿತಿ ದಾಟಿತೇ ಎಂದು ನೋಡುವಾಗ ಹಾಲಿನ ಮಾರಾಟವೂ ಕೂಡುತ್ತದೆ. ತೆರಿಗೆ ಹಾಕುವಾಗ ಮಾತ್ರ ಅದನ್ನು ಬಿಡಬೇಕು.

ನೋಟಿಸ್‌ನಲ್ಲಿ ಕೇಳಿದ ತೆರಿಗೆಯ ಮೊತ್ತ ಎದೆ ಒಡೆಯುವಂತೆ ಇರುವುದೇಕೆ? ಖಾತೆಗೆ ಬಂದ ಜಮೆಯಷ್ಟೇ ಇಲಾಖೆಗೆ ಕಾಣುತ್ತದೆ. ಅದರಲ್ಲಿ ಹಾಲು ಎಷ್ಟು, ಸೋಪು ಎಷ್ಟು, ಭಾವಮೈದುನ ಹಿಂತಿರುಗಿಸಿದ ಕೈಸಾಲ ಎಷ್ಟು, ಚೀಟಿ ದುಡ್ಡು ಎಷ್ಟು ಎಂದು ಬಿಡಿಸಿ ತೋರಿಸಬೇಕಾದವರು ನೀವು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ತಿಂಗಳುವಾರು ಮೂರು ಭಾಗ ಮಾಡಿ: ತೆರಿಗೆಯಿಲ್ಲದ ಮಾಲು, ತೆರಿಗೆ ಇರುವ ಮಾಲು, ವ್ಯಾಪಾರಕ್ಕೆ ಸೇರದ್ದು. ಮಾರಿದ್ದಕ್ಕೆ ಬಿಲ್ಲು ಇರುವುದಿಲ್ಲ, ಆದ್ದರಿಂದ ಖರೀದಿ ಬಿಲ್ಲೇ ಸಾಕ್ಷಿ. ವರ್ಷಕ್ಕೆ 18 ಲಕ್ಷದ ಹಾಲು ಕೊಂಡ ಬಿಲ್ಲುಗಳಿದ್ದರೆ, ಅದಕ್ಕೆ ನಿಮ್ಮ ಕಮಿಷನ್ ಸೇರಿಸಿ ಹಾಲಿನ ಮಾರಾಟ ಇಷ್ಟು ಎಂದು ತೋರಿಸಬಹುದು. ಮಿತಿ ದಾಟಿದ ಮೊದಲ ವರ್ಷ, ದಾಟಿದ ದಿನದಿಂದಾಚೆಗಿನ ಮಾರಾಟಕ್ಕಷ್ಟೇ ತೆರಿಗೆ. ಆ ದಿನ ಯಾವುದೆಂದು ಉತ್ತರದಲ್ಲಿ ಬರೆಯಿರಿ. ಗಡುವಿನೊಳಗೆ ಕಾಗದಪತ್ರ ಸಿಗದಿದ್ದರೆ ಕಾಲಾವಕಾಶವನ್ನು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ಸುಮ್ಮನೆ ಕೂತರೆ ಅವರ ಲೆಕ್ಕವೇ ಆದೇಶವಾಗುತ್ತದೆ.

ಮುಂದಕ್ಕೆ ದಾರಿ ಇದೆ: ರಾಜಿ ತೆರಿಗೆ, ಅಂದರೆ ಕಂಪೊಸಿಷನ್. ಮಾಮೂಲಿ ಜಿಎಸ್‌ಟಿ ದರದ ಬದಲು ಮಾರಾಟದ ಮೇಲೆ ಒಂದು ಸಣ್ಣ ನಿಗದಿತ ದರ ಕಟ್ಟುವ ಪದ್ಧತಿ ಇದು. ವಹಿವಾಟು ಒಂದೂವರೆ ಕೋಟಿವರೆಗೆ ಇದ್ದರೆ ಸಾಕು. ಕೊಂಡು ಮಾರುವವರಿಗೆ, ತೆರಿಗೆ ಇರುವ ಮಾಲಿನ ಮೇಲೆ 1%. ವರ್ಷಕ್ಕೆ 60 ಲಕ್ಷ ವ್ಯಾಪಾರ, ಅದರಲ್ಲಿ ಹಾಲು 20 ಲಕ್ಷ ಎಂದರೆ ಉಳಿದ 40 ಲಕ್ಷಕ್ಕೆ 40,000 ರೂಪಾಯಿ. ಹೋಟೆಲಿಗೆ 5%. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಎಂಬ ನಮೂನೆ ಸಲ್ಲಿಸಿ ಮುಂದಿನ ತಿಂಗಳ 18ರೊಳಗೆ ಕಟ್ಟಬೇಕು. ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಎಂಬ ವಾರ್ಷಿಕ ರಿಟರ್ನ್. ಈ ತೆರಿಗೆಯನ್ನು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ, ಖರೀದಿ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಇದು ಸಿಗುವುದು ನೋಂದಣಿ ಮಾಡಿಸಿದವರಿಗೆ ಮಾತ್ರ. ನೋಂದಣಿಯಿಲ್ಲದೆ ಸಿಕ್ಕಿಬಿದ್ದವರಿಗೆ ಪೂರ್ತಿ ದರ, ಮೇಲೆ ಬಡ್ಡಿ, ದಂಡ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ: 1% ಕಟ್ಟಿ ನೆಮ್ಮದಿಯಾಗಿ ಇರಬಹುದಾದವರು ಪೂರ್ತಿ ದರದ ಬಾಯಿಗೆ ಬೀಳುತ್ತಾರೆ.

ಆದಾಯ ತೆರಿಗೆಯ ಭಯ ಇದಕ್ಕಿಂತ ಕಡಿಮೆ. ಅಂದಾಜು ಲಾಭದ ಪದ್ಧತಿಯಲ್ಲಿ ಡಿಜಿಟಲ್ ಜಮೆಗೆ ಕನಿಷ್ಠ 6%, ನಗದಿಗೆ 8% ಲಾಭ ತೋರಿಸಿದರೆ ಪೂರ್ಣ ಲೆಕ್ಕಪುಸ್ತಕ ಬೇಕಿಲ್ಲ. 2 ಕೋಟಿವರೆಗೆ ಇದು ನಡೆಯುತ್ತದೆ. ನಗದು 5% ಮೀರದಿದ್ದರೆ 3 ಕೋಟಿವರೆಗೆ. ಅದೇ 60 ಲಕ್ಷ ಪೂರ್ತಿ ಯುಪಿಐನಲ್ಲಿ ಬಂದಿದ್ದರೆ ಲಾಭ 3.6 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ 2025-26ಕ್ಕೆ ಹೊಸ ಪದ್ಧತಿಯ 4 ಲಕ್ಷದ ವಿನಾಯಿತಿಯೊಳಗೇ ಬಂತು, ತೆರಿಗೆ ಸೊನ್ನೆ. ಮಾರಾಟ 60 ಲಕ್ಷ ಮೀರಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ಸ್ ಹಾಕಲೇಬೇಕು. ಅಂದಾಜು ಪದ್ಧತಿಯಲ್ಲಿ ಇದ್ದು ಮಧ್ಯದಲ್ಲಿ ಬಿಟ್ಟರೆ ಐದು ವರ್ಷ ಮತ್ತೆ ಸೇರಲಾಗದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ, ಕಲಂ ಸಂಖ್ಯೆಗಳು ಬದಲಾಗಿವೆ. ಅಂದಾಜು ಲಾಭದ ಪದ್ಧತಿಯ ಹಳೆಯ ಕಲಂ 44ಎಡಿ ಹುಡುಕುತ್ತಾ ಗೊಂದಲಪಡಬೇಡಿ.

ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸ ಎರಡು. ಅಂಗಡಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಕ್ಯೂಆರ್ ಕೋಡನ್ನು ಅದಕ್ಕೆ ಜೋಡಿಸಿ, ಮನೆಯ ದುಡ್ಡು, ಚೀಟಿ ದುಡ್ಡು ಅದರೊಳಗೆ ಬರದಿರಲಿ. ಏಪ್ರಿಲ್ 1ರಿಂದ ಈವರೆಗಿನ ಒಟ್ಟು ಮಾರಾಟ, ನಗದೂ ಸೇರಿಸಿ, ಕೂಡಿ ನೋಡಿ. ಮಿತಿ ದಾಟಿದ್ದರೆ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿ, ಕಂಪೊಸಿಷನ್ ಬೇಕೆಂದು ಆ ಅರ್ಜಿಯಲ್ಲೇ ಗುರುತು ಮಾಡಿ.