ಮುಳ್ಳಯ್ಯನಗಿರಿಗಿಂತ ಕುಳ್ಳ, ಆದ್ರೂ ಮೇ ತಿಂಗಳಲ್ಲಿ ಹಿಮ

ಎಲ್ರಿಗೂ ನಮಸ್ಕಾರ. ನಮ್ಮ ಮುಳ್ಳಯ್ಯನಗಿರಿ 1930 ಮೀಟರು ಅಂತ ಸ್ಕೂಲಲ್ಲಿ ಉರು ಹೊಡೆದಿದ್ವಲ್ಲ, ಅಮೆರಿಕದ ನ್ಯೂ ಹ್ಯಾಂಪ್‌ಶೈರಲ್ಲಿ ಮೌಂಟ್ ವಾಷಿಂಗ್ಟನ್ ಅಂತ ಒಂದಿದೆ, 1917 ಮೀಟರು, ನಮ್ದಕ್ಕಿಂತ ಒಂದು ತೆಂಗಿನಮರದಷ್ಟು ಗಿಡ್ಡ, ಆದ್ರೂ ಮೇ ತಿಂಗಳಲ್ಲೂ ಜನ ಅಲ್ಲಿ ಸ್ಕೀ ಕಟ್ಕೊಂಡು ಜಾರ್ತಾರೆ.

ಇದು ಅಪಲೇಚಿಯನ್ ಬೆಟ್ಟಸಾಲು, ಕೆನಡಾದಿಂದ ಅಲಬಾಮಾ ತನಕ ಸುಮಾರು 2400 ಕಿಲೋಮೀಟರ್ ಉದ್ದ. ಇಡೀ ಸಾಲಲ್ಲಿ ಎತ್ತರ ಅಂದ್ರೆ ನಾರ್ತ್ ಕ್ಯಾರೊಲಿನಾದ ಮೌಂಟ್ ಮಿಚೆಲ್, 2037 ಮೀಟರು ಅಷ್ಟೇ. ಕೋಟಿಗಟ್ಲೆ ವರ್ಷ ಮಳೆಗಾಳಿಗೆ ಸವೆದು ಸವೆದು ನಮ್ಮ ಘಟ್ಟದ ಹಾಗೇ ಮೈ ದುಂಡಗಾಗಿದೆ.

ವಾಷಿಂಗ್ಟನ್ ಮೇಲೆ ಗಾಳಿ ಅಂದ್ರೆ ಹೇಳ್ತೀನಿ ಕೇಳಿ, 1934ರ ಏಪ್ರಿಲ್ 12ಕ್ಕೆ ಅಲ್ಲಿನ ವೀಕ್ಷಣಾಲಯದವರು ಅಳೆದಾಗ ಗಂಟೆಗೆ 372 ಕಿಲೋಮೀಟರ್ ಬಂತು! ಈ ಗಾಳೀನೇ ತುದೀಲಿರೋ ಹಿಮಾನೆಲ್ಲ ಗುಡಿಸ್ಕೊಂಡು ಬಂದು ಟಕರ್‌ಮನ್ ರವೀನ್ ಅನ್ನೋ ಬಟ್ಟಲಿನಂಥ ಕಮರಿಗೆ ಸುರಿಯುತ್ತೆ, ಅದಕ್ಕೇ ಮೇ ತನಕ ಕರಗಲ್ಲ.

ಉಳಿದ ಕಡೆ ಸ್ಕೀಯಿಂಗ್ ಅಷ್ಟು ಸಲೀಸಲ್ಲ. ಹಗಲು ಮಳೆ, ರಾತ್ರಿ ಚಳಿಗೆ ಅದೇ ನೀರು ಹೆಪ್ಪುಗಟ್ಟಿ ಬೆಳಿಗ್ಗೆಗೆ ಗಾಜಿನ ನೆಲ, ಅದಕ್ಕೇ ಅಮೆರಿಕದ ಈ ಪೂರ್ವ ಕರಾವಳಿಗೆ, ಅಂದ್ರೆ 'ಈಸ್ಟ್ ಕೋಸ್ಟ್'ಗೆ, 'ಐಸ್ ಕೋಸ್ಟ್' ಅಂತ ಅಡ್ಡಹೆಸರು. ನಾನು ಪಕ್ಕದ ವರ್ಮಾಂಟ್ ರಾಜ್ಯದಲ್ಲಿ ಮೊದಲ್ನೇ ಸಲ ಇಳಿದಾಗ ಸ್ಕೀ ಅಂಚು ಐಸಿಗೆ ತಾಗಿ ತೆಂಗಿನಕಾಯಿ ತುರಿದಂಗೆ ಕರಕರ ಸದ್ದು, ಆಮೇಲೆ ಸದ್ದೇ ಇಲ್ಲ, ಯಾಕಂದ್ರೆ ಸ್ಕೀ ಮೇಲೆ ನಾನಿರ್ಲಿಲ್ಲ, ಬೆನ್ನ ಮೇಲೆ ಹೋಗ್ತಿದ್ದೆ. ಹಿಮ ಸಾಲ್ದೇ ಹೋದ್ರೆ ಚಳಿ ರಾತ್ರೀಲಿ ನೀರು, ಗಾಳಿ ಎರಡೂ ಸೇರಿಸಿ ಗನ್ನಲ್ಲಿ ಚಿಮ್ಮಿಸಿ ಹಿಮ ಮಾಡ್ಕೋತಾರೆ. ಈ ಜನ ಮೊದ್ಲಿಂದ್ಲೂ ಜುಗಾಡಿನವ್ರೇ ಬಿಡಿ, ಅದೇ 1934ರಲ್ಲಿ ವರ್ಮಾಂಟಿನ ವುಡ್‌ಸ್ಟಾಕ್ ಊರಿನ ಒಂದು ಫಾರ್ಮಿನ ಗುಡ್ಡದಲ್ಲಿ ಹಳೇ ಫೋರ್ಡ್ ಮಾಡೆಲ್ ಟಿ ಕಾರಿನ ಇಂಜಿನ್ನಿಗೆ ಹಗ್ಗ ಸುತ್ತಿ ಅಮೆರಿಕದ ಮೊದಲ ರೋಪ್ ಟೋ, ಅಂದ್ರೆ ಹಿಡ್ಕೊಂಡವ್ರನ್ನ ಗುಡ್ಡದ ಮೇಲಕ್ಕೆ ಎಳೆಯೋ ಹಗ್ಗ, ಶುರು ಮಾಡಿದ್ರು.

ಟಕರ್‌ಮನ್‌ಗೆ ಮಾತ್ರ ಇವತ್ತಿಗೂ ಲಿಫ್ಟಿಲ್ಲ. ಸ್ಕೀನ ಬೆನ್ನಿಗೆ ಕಟ್ಕೊಂಡು ಗಂಟೆಗಟ್ಲೆ ಹತ್ತಬೇಕು, ಇಳಿಯೋದು ನಿಮಿಷಗಳ ಆಟ. 1939ರಲ್ಲಿ ಈ ಬೆಟ್ಟದ ಮೇಲೆ ನಡೆದ ಇನ್ಫರ್ನೋ ಅನ್ನೋ ಸ್ಕೀ ರೇಸಲ್ಲಿ ಟೋನಿ ಮ್ಯಾಟ್ ಅಂತ 19 ವರ್ಷದ ಆಸ್ಟ್ರಿಯಾದ ಹುಡುಗ, ಕಮರಿಯ ಕಡಿದಾದ ಗೋಡೆ ಆಗ್ಲೇ ದಾಟಿದೀನಿ ಅನ್ಕೊಂಡು ತಿರುವು ತಗೊಳ್ದೇ ನೆಟ್ಟಗೆ ಬಿಟ್ಟ, ನೋಡಿದ್ರೆ ಗೋಡೆ ಇನ್ನೂ ಕಾಲ್ಕೆಳಗೇ ಇದೆ. ಬೀಳ್ಲಿಲ್ಲ ಪುಣ್ಯಾತ್ಮ. ತುದಿಯಿಂದ ಬುಡಕ್ಕೆ ಆರೂವರೆ ನಿಮಿಷ.