ನವರಾತ್ರಿಯ ನಡುವಿನ ಶನಿವಾರ, ಭಾನುವಾರ

ಎಲ್ಲರಿಗೂ ನಮಸ್ಕಾರ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಈ ಸಭೆಯಲ್ಲಿ ಕೂತವರಲ್ಲಿ ಬಹಳ ಜನ ಈಗಾಗಲೇ ದಸರೆಗೆ ಮೈಸೂರಿಗೆ ಹೊರಡುವ ಮಾತು ಆಡಿರುತ್ತೀರಿ. ಅದಕ್ಕೇ ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ವಿಜಯದಶಮಿಯ ದಿನ ಹೋಗಬೇಡಿ. ಅಂಬಾರಿಯಲ್ಲಿ ಕೂತ ತಾಯಿಯ ಮುಖ ಟಿವಿಯಲ್ಲಿ ಕಾಣುವಷ್ಟು ಚೆನ್ನಾಗಿ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಹೋಗಬೇಕಾದದ್ದು ನವರಾತ್ರಿಯ ನಡುವೆ ಬರುವ ಶನಿವಾರ, ಭಾನುವಾರ. ಕಾರು ಬೇಡ. ರೈಲಿನಲ್ಲಿ ಹೋಗಿ, ಇಳಿದು ನಡೆಯಿರಿ.

ಯಾಕೆ ನಡೆಯಬೇಕು? ಲೆಕ್ಕ ಸರಳ. ಬೆಂಗಳೂರಿನಿಂದ ರೈಲಿಗೆ ಎರಡು, ಎರಡೂವರೆ ಗಂಟೆ. ನಿಲ್ದಾಣದಿಂದ ಇರ್ವಿನ್ ರಸ್ತೆ ಹಿಡಿದರೆ ಚಿಕ್ಕ ಗಡಿಯಾರಕ್ಕೆ ಇಪ್ಪತ್ತು ನಿಮಿಷದ ದಾರಿ. ಅಲ್ಲಿಂದ ದೇವರಾಜ ಮಾರುಕಟ್ಟೆ, ಕೆ.ಆರ್. ವೃತ್ತ, ದೊಡ್ಡ ಗಡಿಯಾರ, ಅರಮನೆ, ಜಗನ್ಮೋಹನ ಅರಮನೆ, ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು. ದಸರೆಯ ಸಂಜೆ ಈ ರಸ್ತೆಗಳಲ್ಲಿ ವಾಹನ ತಡೆಯುತ್ತಾರೆ, ಒಮ್ಮುಖ ಮಾಡುತ್ತಾರೆ. ಕಾರಿನಲ್ಲಿ ಬಂದವರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ನಡೆದು ಬಂದವರು ಕೇಳುವ ಸಂಗೀತ ಕಛೇರಿ ಅರ್ಧ ಮುಗಿದಿರುತ್ತದೆ.

ಇನ್ನೊಂದು ಮಾತು, ಕೊಡೆ. ಇದು ಹಸ್ತಾ, ಚಿತ್ತಾ ಮಳೆಯ ಕಾಲ. ಬೆಳಗ್ಗೆ ತೊಳೆದಿಟ್ಟ ಹಾಗೆ ಆಕಾಶ, ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಐದರ ಸುಮಾರಿಗೆ ಗುಡುಗು. ಮಳೆ ಸುರಿದರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಾದರೆ ಕಾರ್ಯಕ್ರಮ ಮುಂದುವರಿಯುತ್ತದೆ. ಎಷ್ಟೋ ಜನ ಮೊದಲ ಹನಿಗೇ ಎದ್ದು ಹೋಗುತ್ತಾರೆ. ನೀವು ಏಳಬೇಡಿ, ಮುಂದಿನ ಕುರ್ಚಿ ಖಾಲಿಯಾಗುವುದು ಆಗಲೇ.

ಶನಿವಾರ ಬೆಳಗ್ಗೆ ಹೊಟ್ಟೆಗೆ ನಜರ್‌ಬಾದಿನ ಮೈಲಾರಿ ದೋಸೆ. ಗರಿಗರಿ ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗುತ್ತದೆ, ಅದರ ಗುಣವೇ ಮೆತ್ತಗಿರುವುದು. ಒಳಗೆ ಒಂದಿಷ್ಟು ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಒಂದೇ ಸಲ ನಾಲ್ಕು ತರಿಸಬೇಡಿ, ಆರಿದ ಮೇಲೆ ಅದಕ್ಕೆ ರುಚಿ ಇಲ್ಲ. ಒಂದು ತಿಂದು ಇನ್ನೊಂದು ಹೇಳಿ. ಕೆಂಪು ಚಟ್ನಿ ಬಳಿದ ಮಸಾಲೆ ದೋಸೆಯೇ ಬೇಕು ಅನ್ನುವವರಿಗೆ ಊರ ತುಂಬ ಹೋಟೆಲುಗಳಿವೆ. ಮಾಂಸ ತಿನ್ನುವವರು ಮಂಡಿಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್ ತಿನ್ನಬೇಕು, 1930ರಿಂದ ನಡೆದುಬಂದ ಹೋಟೆಲು. ತಡವಾಗಿ ಹೋದರೆ ಪಾತ್ರೆ ಖಾಲಿ.

ಆಮೇಲೆ ದೇವರಾಜ ಮಾರುಕಟ್ಟೆ. ಮೈಸೂರು ಮಲ್ಲಿಗೆ ಹುಡುಕಿಕೊಂಡು ಹೋಗಿ ಬೇಸರಪಡಬೇಡಿ, ಅದು ಮುಖ್ಯವಾಗಿ ಬೇಸಿಗೆಯ ಹೂವು. ಈ ಕಾಲದ ರಾಣಿ ಸೇವಂತಿಗೆ. ಮಾರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ಆಯುಧಪೂಜೆ ಹತ್ತಿರವಾದಷ್ಟೂ ಬೆಲೆ ಏರುತ್ತದೆ, ಬೂದುಗುಂಬಳದ ರಾಶಿಯೂ ಏರುತ್ತದೆ. ಚಿಗುರೆಲೆ, ನಂಜನಗೂಡಿನ ರಸಬಾಳೆ ಸಿಕ್ಕರೆ ಬಿಡಬೇಡಿ. ರಸಬಾಳೆಯ ಹೆಸರಿನಲ್ಲಿ ಬೇರೆ ಬಾಳೆ ಕೊಡುವುದೂ ಉಂಟು, ಒಂದು ಹಣ್ಣು ಸುಲಿದು ತಿಂದು ನೋಡಿ ಚಿಪ್ಪು ಕೊಳ್ಳಿ. 2016ರಲ್ಲಿ ಈ ಮಾರುಕಟ್ಟೆಯ ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ಹೋದವರು ತಲೆ ಎತ್ತಿ ಸೂರು ನೋಡಿ ಬನ್ನಿ. ಇಂಥ ಮಾರುಕಟ್ಟೆ ಉಳಿಯಬೇಕು ಅನ್ನುವ ಮಾತಿಗೆ ಅದನ್ನು ನೋಡಿದವರ ದನಿ ಬೇಕು.

ಮೈಸೂರು ಪಾಕ್ ಹೇಳದೆ ಮುಂದೆ ಹೋದರೆ ನೀವು ಬಿಡುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಅಡುಗೆಮನೆಯ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ್ದು ಎಂದು ಊರೆಲ್ಲ ಹೇಳುತ್ತದೆ, ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಕೊಳ್ಳುವ ಮುನ್ನ ಅದನ್ನು ಮಾಡುವ ಬಗೆ ತಿಳಿದಿರಲಿ. ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ, ಅರ್ಧ ಲೋಟ ನೀರು. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಜರಡಿ ಹಿಡಿದ ಹಿಟ್ಟು ಉದುರಿಸಿ ಗಂಟಾಗದಂತೆ ತಿರುವಬೇಕು. ತುಪ್ಪ ಪಕ್ಕದ ಒಲೆಯ ಮೇಲೆ ಚೆನ್ನಾಗಿ ಕಾದಿರಬೇಕು. ಒಂದೊಂದೇ ಸೌಟು ಬಿದ್ದಾಗ ಚುರ್ರೆಂದು ನೊರೆ ಏಳಬೇಕು. ಪಾಕದ ನೀರು ಆವಿಯಾಗಿ ನುಗ್ಗುವಾಗ ಹಿಟ್ಟಿನಲ್ಲಿ ಗೂಡು ಬೀಳುತ್ತದೆ. ತುಪ್ಪ ಬರೀ ಬೆಚ್ಚಗಿದ್ದರೆ ಗೂಡಿಲ್ಲ, ಮುದ್ದೆ. ಇಳಿಸುವುದು ಒಂದು ನಿಮಿಷ ತಡವಾದರೆ ಕಲ್ಲು. ತಟ್ಟೆಗೆ ಸುರಿದ ಮೇಲೂ ನಡುವೆ ಬಿಸಿ ಉಳಿದು ಬೇಯುತ್ತಲೇ ಇರುತ್ತದೆ, ಅದಕ್ಕೇ ತುಂಡಿನ ನಡುಭಾಗ ಕೆಂಪು, ಅಂಚು ಹಳದಿ. ಅಂಗಡಿಯಲ್ಲಿ ಆ ಕೆಂಪು ಪಟ್ಟಿ, ಆ ಗೂಡು ನೋಡಿ ಕೊಳ್ಳಿ. ಮೆದುವಾದದ್ದು ಇಷ್ಟವೆನ್ನುವವರು ಕೊಳ್ಳಲಿ, ಅದು ಬೇರೆಯೇ ತಿಂಡಿ.

ಈಗ ಸಂಗೀತ. ಅರಮನೆಯ ಮುಂದಿನ ವೇದಿಕೆಗೆ ಐದೂವರೆಗೇ ಹೋಗಿ ಕೂರಿ. ಶಾಸ್ತ್ರೀಯ ಕಛೇರಿಗಳು ಸಾಮಾನ್ಯವಾಗಿ ಮೊದಲು, ಜನಪ್ರಿಯ ಹಾಡುಗಳು ಕೊನೆಗೆ. ತೀರ ಹಿಂದೆ ಕೂತರೆ ಒಂದು ತೊಂದರೆ: ಶಬ್ದ ನೂರು ಮೀಟರ್ ಬರಲು ಸೆಕೆಂಡಿನ ಸುಮಾರು ಮೂರನೆಯ ಒಂದು ಭಾಗ ಹೊತ್ತು ಹಿಡಿಯುತ್ತದೆ. ಮೃದಂಗದ ಮೇಲೆ ಕೈ ಬಿದ್ದದ್ದು ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ. ತಾಳ ಹಾಕುವವರಿಗೆ ಹಿಂಸೆ. ತೀರ ಮುಂದೆ, ಧ್ವನಿವರ್ಧಕದ ಬುಡದಲ್ಲಿ ಕೂತರೆ ಕಿವಿಗೆ ಹಿಂಸೆ. ಮೂರನೇ ಒಂದು ಭಾಗ ಹಿಂದಕ್ಕೆ, ನಡುಸಾಲು ಹಿಡಿಯಿರಿ. ಮೈಕು ಇಲ್ಲದ ಕಾಲದಲ್ಲಿ ಪಿಟೀಲು ಕೊನೆಯ ಸಾಲಿಗೂ ಕೇಳಲಿ ಎಂದು ಚೌಡಯ್ಯನವರು ಏಳು ತಂತಿ ಹಾಕಿಕೊಂಡ ಊರು ಇದು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ ಪೇಟೆಯ ನಡುವೆಯೇ ಇದೆ, ನಡೆದು ಹೋಗಿ ನೋಡಬಹುದು.

ಜಯಚಾಮರಾಜ ಒಡೆಯರ ವಿಷಯ ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಕ್ಷಮಿಸಿ. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತ ರಚನಕಾರರಿದ್ದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಕೇಳುವವರು ಕಡಿಮೆಯಾಗಿದ್ದರು. ಅವರ ಸಂಗೀತ ಕಳೆದುಹೋಗಬಾರದು ಎಂದು ಮೈಸೂರಿನ ಅರಸರು ದುಡ್ಡು ಕೊಟ್ಟು, 1949ರಲ್ಲಿ ಮೆಟ್ನರ್ ಹೆಸರಿನಲ್ಲೇ ಒಂದು ಸಂಘ ಹುಟ್ಟಲು ಕಾರಣರಾಗಿ, ಮೆಟ್ನರ್ ತಾವೇ ನುಡಿಸಿದ ಕೃತಿಗಳನ್ನು ಧ್ವನಿಮುದ್ರಣ ಮಾಡಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು, ಮುದ್ರಿಕೆ ಉಳಿಯಿತು. ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಅವರು ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ. ಅದೇ ಅರಸರು ವಾಸುದೇವಾಚಾರ್ಯರಲ್ಲಿ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಆದ್ದರಿಂದ ದಸರೆಯ ಪೊಲೀಸ್ ಬ್ಯಾಂಡ್ ಎಂದರೆ ಬಿಡುವಿನ ಹೊತ್ತು ಎಂದು ಚುರುಮುರಿಗೆ ಎದ್ದು ಹೋಗಬೇಡಿ. ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡನ್ನೂ ಸಾಕಿದ ಅರಮನೆಯ ಸಂಗೀತ ಅದರಲ್ಲಿ ಇನ್ನೂ ಇದೆ.

ವೀಣೆ ಕೇಳಬೇಕಾದರೆ ಚಿಕ್ಕ ಸಭೆ ಹುಡುಕಿ: ಜಗನ್ಮೋಹನ, ನಾದಬ್ರಹ್ಮ ಸಂಗೀತ ಸಭಾ, ಕುವೆಂಪುನಗರದ ವೀಣೆ ಶೇಷಣ್ಣ ಭವನ. ಮೈಸೂರು ಬಾನಿಯ, ಅಂದರೆ ಇಲ್ಲಿ ವೀಣೆ ನುಡಿಸುವ ಶೈಲಿಯ, ಜೀವ ತಂತಿಯ ಮೀಟಿನಲ್ಲಿದೆ, ತಾಳವಿಲ್ಲದೆ ಲಯದಲ್ಲಿ ರಾಗ ಬೆಳೆಸುವ ತಾನದಲ್ಲಿದೆ. ಬೆರಳು ಕಾಣುವಷ್ಟು ಹತ್ತಿರ ಕೂತರೆ ಮಾತ್ರ ಅದು ಸಿಕ್ಕೀತು. ಆ ದಿನದ ಪಟ್ಟಿ ಬೆಳಗಿನ ಪತ್ರಿಕೆಯಲ್ಲಿರುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಭಾನುವಾರದ್ದು ಬೇಗ ಹೇಳುತ್ತೇನೆ. ಆರು ಗಂಟೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಸಾವಿರಕ್ಕೂ ಮೇಲೆ. ನಂದಿ ಸಿಗುವುದು ಏಳುನೂರರ ಸುಮಾರಿಗೆ, ಮಂಡಿ ನೋವಿರುವವರು 201ನೇ ನಂಬರಿನ ಬಸ್ಸಿನಲ್ಲಿ ಹೋಗಿ ಇಳಿಯುತ್ತ ನಡೆಯಿರಿ. ಅರಮನೆಯ ಒಳಗೆ ಕಲ್ಯಾಣ ಮಂಟಪದ ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳಿಗೆ ಅರ್ಧ ಗಂಟೆ ಇಡಿ. ರಾಜಮನೆತನದ ಖಾಸಗಿ ದರ್ಬಾರಿನ ಹೊತ್ತಿಗೆ ಒಳಗೆ ಬಿಡುವುದಿಲ್ಲ, ಸಮಯ ಕೇಳಿಕೊಂಡು ಹೋಗಿ. ಆಹಾರ ಮೇಳದ ಜಾಗ ಆಗಾಗ ಬದಲಾಗುತ್ತದೆ. ಅಲ್ಲಿ ಬುಡಕಟ್ಟಿನವರ ಬಂಬೂ ಬಿರಿಯಾನಿ ಕೆಂಡದ ಮೇಲೆ ನಿಧಾನ ಬೇಯುವಂಥದ್ದು, ಮೊದಲು ಚೀಟಿ ತೆಗೆದುಕೊಂಡು ಆಮೇಲೆ ಉಳಿದ ಮಳಿಗೆ ಸುತ್ತಿ.

ರಾತ್ರಿ ರೈಲಿಗೆ ಟಿಕೆಟನ್ನು ಹೋಗುವ ಮೊದಲೇ ಕಾಯ್ದಿರಿಸಿ. ಪಾಕದ ಪೊಟ್ಟಣ ಚೀಲದಲ್ಲಿ ಎಲ್ಲಕ್ಕಿಂತ ಮೇಲಿರಲಿ, ಬಾಳೆಚಿಪ್ಪಿನ ಕೆಳಗೆ ಬೇಡ. ಪ್ರಶ್ನೆಗಳಿದ್ದರೆ ಕೇಳಿ, ನಮಸ್ಕಾರ.