ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿಯವರು. ಮಹಾರಾಜ ಕಾಲೇಜಿನಲ್ಲಿ ಅವರು ಮನಃಶಾಸ್ತ್ರದ ಮೇಷ್ಟ್ರು. ನಾನೂ ಅದೇ ಪಾಠ ಹೇಳಿದವನು. ಹಾಗಾಗಿ ಇಲ್ಲಿ ಮನಸ್ಸಿನ ವಿಷಯ ಮಾತಾಡಲು ನನಗೆ ಸಲುಗೆ ಸ್ವಲ್ಪ ಜಾಸ್ತಿ. ಹೇಳುವುದು ಒಂದೇ ಮಾತು: ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ.

"ಮಗ ಓದೋಕೆ ಕೂತ್ರೆ ಹತ್ತು ನಿಮಿಷ ನಿಲ್ಲಲ್ಲ ಸಾರ್" ಅಂತ ತಾಯಂದಿರು ಹೇಳುತ್ತಾರೆ. ಸೋಮಾರಿ ಅಂತ ಬೈಯುತ್ತಾರೆ. ಬೈಯುವ ಮೊದಲು ಅವನ ಪುಸ್ತಕದ ಪಕ್ಕ ಏನಿದೆ ನೋಡಿ.

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಸಾರ್, ಪಿಯುಸಿಲಿ ಇಷ್ಟು ದಪ್ಪ ಕಾದಂಬರಿ ಕೂತಲ್ಲೇ ಮುಗಿಸ್ತಿದ್ದೆ. ಈಗ ಎರಡು ಪುಟ ದಾಟಲ್ಲ. ತಲೇಲಿ ಏನೋ ಆಗಿದೆ" ಅಂದಳು. ನನ್ನೆದುರೇ ಓದಮ್ಮ ಅಂದೆ. ಕೂತಳು. ಫೋನನ್ನು ಸೈಲೆಂಟ್ ಮಾಡಿ, ಬೋರಲು ಹಾಕಿ, ಪುಸ್ತಕದ ಪಕ್ಕ ಇಟ್ಟಳು. ನಾನು ಸುಮ್ನೆ ಅವಳ ಕೈ ನೋಡುತ್ತಿದ್ದೆ. ಬಲಗೈ ಪುಟದ ಅಂಚಿನಲ್ಲಿ. ಎಡಗೈ ಬೆರಳು ಫೋನಿನ ಕವರ್ ಸವರುತ್ತಿತ್ತು. ಪ್ಯಾರಾ ಮುಗಿಯುವ ಮುಂಚೆಯೇ ಫೋನ್ ತಿರುಗಿಸಿದಳು. ಏನೂ ಬಂದಿರಲಿಲ್ಲ. ಮತ್ತೆ ಬೋರಲು. ಮತ್ತೆ ಅದೇ ಪ್ಯಾರಾ, ಮೊದಲಿಂದ!

"ಯಾಕಮ್ಮ ನೋಡಿದೆ?" ಅಂದೆ.

"ನೋಡಿದ್ನಾ ಸಾರ್?" ಅಂದಳು. ಅವಳಿಗೆ ಗೊತ್ತೇ ಇಲ್ಲ.

ನಮ್ಮ ಮನೆಯವರು ಒಳಗಿಂದ ಬಂದು, ಒಂದು ಮಾತೂ ಆಡದೆ ಫೋನ್ ಎತ್ತಿಕೊಂಡು ಹೋಗಿ ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿಟ್ಟರು. ಅವರು ಮನಃಶಾಸ್ತ್ರ ಓದಿದವರಲ್ಲ, ಬಿಡಿ. ಸ್ವಲ್ಪ ಹೊತ್ತು ಹುಡುಗಿ ಚಡಪಡಿಸಿದಳು. ಎಡಗೈ ಮೇಜಿನ ಮೇಲೆ ಹುಡುಕಾಡಿತು. ಆಮೇಲೆ ಅದೂ ಪುಸ್ತಕ ಹಿಡಿಯಿತು. ಕಾಫಿ ತಂದಿಟ್ಟರೆ ತಲೆ ಎತ್ತಲಿಲ್ಲ. ಕಾಫಿ ಕೆನೆ ಕಟ್ಟಿ ಆರಿಹೋಯಿತು. ತಲೆಗೆ ಏನೂ ಆಗಿರಲಿಲ್ಲ, ಅಲ್ವಾ?

ಇದನ್ನೇ 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಸುಮಾರು 800 ಜನರ ಮೇಲೆ ಪರೀಕ್ಷಿಸಿದರು. ಕೆಲವರ ಫೋನ್ ಮೇಜಿನ ಮೇಲೆ, ಕೆಲವರದ್ದು ಜೇಬಿನಲ್ಲಿ ಅಥವಾ ಬ್ಯಾಗಿನಲ್ಲಿ, ಉಳಿದವರದ್ದು ಬೇರೆ ಕೋಣೆಯಲ್ಲಿ. ಎಲ್ಲವೂ ಸೈಲೆಂಟ್. ಗಮನ ಬೇಡುವ ಲೆಕ್ಕ ಕೊಟ್ಟಾಗ ಬೇರೆ ಕೋಣೆಯವರೇ ಮುಂದೆ. ಮೇಜಿನ ಮೇಲಿಟ್ಟುಕೊಂಡವರು ಹಿಂದೆ. ನೋಡಬಾರದು ಅಂತ ತಡೆದುಕೊಳ್ಳುವುದಕ್ಕೇ ಮನಸ್ಸಿನ ಒಂದು ಪಾಲು ಖರ್ಚಾಗುತ್ತದೆ. ಓದಲು ಉಳಿಯುವುದು ಮಿಕ್ಕಿದ್ದು. ಅದಕ್ಕೇ ಬೋರಲು ಹಾಕಿದರೆ ಸಾಲದು, ಬೇರೆ ಕೋಣೆಯಲ್ಲಿರಲಿ.

ಕತೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಫೋನ್, ಕಂಪ್ಯೂಟರ್ ತೆರೆಯ ಮೇಲೆ ಕಣ್ಣು ಓದುವುದಕ್ಕಿಂತ ಹಾರುವುದೇ ಜಾಸ್ತಿ. ಮೇಲಿನ ಸಾಲು, ನಡುವೆ ಒಂದು ಸಾಲು, ಆಮೇಲೆ ಎಡಗಡೆ ಅಂಚಿನಲ್ಲೇ ಜಾರುತ್ತದೆ. ಕಾಗದವೋ ತೆರೆಯೋ ಅಂತ ಹೋಲಿಸಿದ 54 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ತೂಗಿ ನೋಡಿದರು. 1.7 ಲಕ್ಷಕ್ಕೂ ಹೆಚ್ಚು ಓದುಗರು. ಪಾಠದಂಥ ಬರಹ ಕಾಗದದಲ್ಲೇ ಚೆನ್ನಾಗಿ ಅರ್ಥವಾಗಿತ್ತು. "ನೋಟ್ಸೆಲ್ಲಾ ಪಿಡಿಎಫ್‌ನಲ್ಲೇ ಬರುತ್ತೆ ಸಾರ್" ಅನ್ನುತ್ತಾರೆ ಮಕ್ಕಳು. ಜೆರಾಕ್ಸ್ ಅಂಗಡಿ ಯಾವ ಊರಲ್ಲಿಲ್ಲ? ಪ್ರಿಂಟ್ ತೆಗೆಸಿ ಕೊಡಿ.

ತುರ್ತು ಕರೆ ಬಂದರೆ? ರಿಂಗ್ ಜೋರಾಗಿಡಿ, ಪಕ್ಕದ ಕೋಣೆಯಿಂದ ಕೇಳಿಸುತ್ತದೆ. ಎದ್ದು ಹೋಗಿ ಮಾತಾಡಿ, ಅಲ್ಲೇ ಇಟ್ಟು ಬನ್ನಿ. ಇನ್ನು ಅಪ್ಪಂದಿರಿಗೆ ಒಂದು ಮಾತು: ಮಗಳಿಗೆ ಓದು ಅಂತ ಹೇಳಿ, ಅದೇ ಕೋಣೆಯಲ್ಲಿ ನೀವು ರೀಲ್ಸ್ ನೋಡುತ್ತಾ ಕೂರಬೇಡಿ. ನಿಮ್ಮ ಫೋನೂ ಅಲ್ಲಿಗೇ ಹೋಗಲಿ. ನಮಸ್ಕಾರ.